ಚಳಿ ಗೆದ್ದ ಬೀಜ

ಊರು ಬಿಟ್ಟು ದೂರದೇಶಕ್ಕೆ ಹೊರಟವರ ಗಂಟು ಬಿಚ್ಚಿ ನೋಡಿದರೆ ಅವರ ಮನಸ್ಸಿನ ಅರ್ಧ ಲೆಕ್ಕ ಅಲ್ಲೇ ಸಿಗುತ್ತದೆ. ಅಮೆರಿಕಕ್ಕೆ ಹೊರಟ ನಮ್ಮ ಮಕ್ಕಳ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ, ಹುರಿಹಿಟ್ಟು ಇರುತ್ತವೆ. ಮುಗಿದರೆ ಮುಂದಿನ ಸಲ ಬರುವವರು ಇನ್ನಷ್ಟು ತರುತ್ತಾರೆ. ನೂರೈವತ್ತು ವರ್ಷದ ಹಿಂದೆ ಯೂರೋಪಿನಿಂದ ಹಡಗು ಹತ್ತಿದ ರೈತರಿಗೆ ಈ ಮುಂದಿನ ಸಲ ಎಂಬುದಿರಲಿಲ್ಲ. ಹೋದವರು ಹೋದರು, ಬಹುಪಾಲು ಜನ ಹುಟ್ಟಿದ ಊರನ್ನು ಮತ್ತೆ ನೋಡಲಿಲ್ಲ. ಹಾಗಾಗಿ ಏನನ್ನು ಜೊತೆಗೊಯ್ಯುವುದು, ಏನನ್ನು ಬಿಡುವುದು ಎಂಬುದು ಅವರಿಗೆ ಬದುಕಿನ ಪ್ರಶ್ನೆ. 1857ರಲ್ಲಿ ಜರ್ಮನಿಯ ಬಾಡೆನ್ ಸೀಮೆಯ ಕ್ಯುಲ್ಸ್‌ಹೈಮ್ ಎಂಬ ಊರಿನಿಂದ ಹೆಂಡತಿ ಮಕ್ಕಳೊಡನೆ ಹೊರಟ ವೆಂಡೆಲಿನ್ ಗ್ರಿಮ್ ಎಂಬ ಮೂವತ್ತೊಂಬತ್ತರ ರೈತ ತನ್ನ ಸಾಮಾನಿನ ನಡುವೆ 15ರಿಂದ 20 ಪೌಂಡು ತೂಗುವ ಒಂದು ಬೀಜದ ಚೀಲ ಇಟ್ಟುಕೊಂಡ. ಏಳೆಂಟು ಕಿಲೋ ಎನ್ನಿ. ಮಕ್ಕಳ ಕತೆಗಳನ್ನು ಕೂಡಿಸಿದ ಗ್ರಿಮ್ ಸೋದರರ ಹೆಸರು ಜಗತ್ತಿಗೆಲ್ಲ ಗೊತ್ತು. ಈ ಗ್ರಿಮ್ ಬೇರೆ, ಇವನು ಮಾಡಿದ ಕೆಲಸವೂ ಬೇರೆ. ಆದರೆ ಅಮೆರಿಕದ ಉತ್ತರದ ರಾಜ್ಯಗಳ ಹಸುಕರುಗಳು ಎಷ್ಟೋ ವರ್ಷ ಮೇದದ್ದು ಇವನ ಹೆಸರಿನ ಮೇವನ್ನು.

ಚೀಲದಲ್ಲಿದ್ದದ್ದು ಲೂಸರ್ನ್ ಬೀಜ. ಅಮೆರಿಕದವರು ಆಲ್ಫಾಲ್ಫಾ ಎನ್ನುತ್ತಾರೆ, ನಮ್ಮಲ್ಲಿ ಕುದುರೆ ಮೆಂತೆ ಅಥವಾ ಕುದುರೆ ಮಸಾಲೆ. ಹೈನು ಸಾಕಿದವರು ಬೋರ್‌ವೆಲ್ ನೀರಿನಲ್ಲಿ ಒಂದೆರಡು ಮಡಿ ಬೆಳೆಸಿರುವುದನ್ನು ನೀವೂ ಕಂಡಿರುತ್ತೀರಿ. ಮೆಂತೆಯ ಹಾಗೆಯೇ ಮೂರೆಲೆ, ನೇರಳೆ ಬಣ್ಣದ ಗೊಂಚಲು ಹೂ. ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ಇರುತ್ತದೆ, ಕೊಯ್ದ ಹಾಗೆಲ್ಲ ಚಿಗುರುತ್ತದೆ. ಬೇರು ಎರಡು ಮೂರು ಮೀಟರ್ ಆಳಕ್ಕೆ ಸಲೀಸಾಗಿ ಇಳಿಯುವುದರಿಂದ ಮೇಲಿನ ಮಣ್ಣು ಒಣಗಿದಾಗಲೂ ಗಿಡ ಹಸಿರಾಗಿ ನಿಲ್ಲುತ್ತದೆ. ಬೇರಿನ ಗಂಟುಗಳಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ದನಕ್ಕೆ ಮೇವು, ಹೊಲಕ್ಕೆ ಗೊಬ್ಬರ, ಎರಡೂ ಒಂದೇ ಬೆಳೆಯಲ್ಲಿ. ಮೂಲದಲ್ಲಿ ಇದು ಪರ್ಷಿಯಾದ ಕಡೆಯ ಗಿಡ, ಗ್ರೀಕರು ರೋಮನರ ಕಾಲಕ್ಕೇ ಯೂರೋಪು ಸೇರಿತ್ತು. ಗ್ರಿಮ್‌ನ ಊರ ಕಡೆ ಇದಕ್ಕೆ ‘ಎಂದೆಂದಿನ ಕ್ಲೋವರ್’ ಎಂಬರ್ಥದ ಹೆಸರಿತ್ತು, ಕ್ಲೋವರ್ ಎಂದರೆ ಮೂರೆಲೆಯ ಇನ್ನೊಂದು ಮೇವಿನ ಗಿಡ.

ಅವನು ಊರು ಬಿಟ್ಟದ್ದೇಕೆ? ಬಾಡೆನ್‌ನ ಬಹುಭಾಗದಲ್ಲಿ ಅಪ್ಪನ ಹೊಲ ಎಲ್ಲ ಮಕ್ಕಳಿಗೂ ಸಮಪಾಲಾಗಿ ಹೋಗುವ ಪದ್ಧತಿಯಿತ್ತು. ನ್ಯಾಯವಾದ ಪದ್ಧತಿಯೇ. ಆದರೆ ನಾಲ್ಕು ತಲೆಮಾರು ಕಳೆಯುವುದರೊಳಗೆ ಒಂದು ಸಂಸಾರ ಉಣ್ಣುವಷ್ಟು ನೆಲ ಯಾರ ಕೈಯಲ್ಲೂ ಉಳಿಯುತ್ತಿರಲಿಲ್ಲ. ಪಾಲು ಪಾಲಾದ ಹಿಡುವಳಿಯ ಸಂಕಟವನ್ನು ಕನ್ನಡ ನಾಡಿನ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಮುಂದಿನ ಎರಡು ವರ್ಷ ಹಸಿವು. 1848–49ರಲ್ಲಿ ಬಾಡೆನ್‌ನಲ್ಲಿ ಕ್ರಾಂತಿಯೆದ್ದಿತು, ಪ್ರಷ್ಯಾದ ಸೇನೆ ಬಂದು ಅದನ್ನು ತುಳಿದುಹಾಕಿತು. ಅದೇ ಸುಮಾರಿಗೆ ಓಡೆನ್‌ವಾಲ್ಡ್ ಬೆಟ್ಟದ ರಿನೆಕ್ ಎಂಬ ಬಡಹಳ್ಳಿಯನ್ನು ಸರ್ಕಾರವೇ ಮುಂದೆ ನಿಂತು ಖಾಲಿ ಮಾಡಿಸಿ, ಜನರನ್ನು ಅಮೆರಿಕದ ಹಡಗು ಹತ್ತಿಸಿತು. ಬಡವರಿಗೆ ವರ್ಷವರ್ಷವೂ ಅನ್ನ ಹಾಕುವುದಕ್ಕಿಂತ ಒಂದೇ ಸಲ ಹಡಗಿನ ಟಿಕೆಟ್ ಕೊಡಿಸುವುದು ಅಗ್ಗವೆಂದು ಆಳುವವರು ಲೆಕ್ಕ ಹಾಕಿದ್ದರು. ಈ ಮಾತು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. 1854ರ ಒಂದೇ ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜರ್ಮನರು ಅಮೆರಿಕಕ್ಕೆ ಹೋದರು, ಆ ಇಡೀ ದಶಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು.

ಆ ಕಾಲದಲ್ಲಿ ಜರ್ಮನಿಯಿಂದ ಹೊರಟ ಎಲ್ಲರೂ ಪಶ್ಚಿಮದ ಕಡೆಗೇ ಹೋಗಲಿಲ್ಲ ಎಂಬುದನ್ನು ಕನ್ನಡಿಗರು ನೆನೆಯಲೇಬೇಕು. ಗ್ರಿಮ್‌ನ ನೆರೆಸೀಮೆ ವ್ಯುರ್ಟೆಂಬರ್ಗ್‌ನ ಹೆರ್ಮನ್ ಮೊಗ್ಲಿಂಗ್ 1836ರಲ್ಲಿಯೇ ನಮ್ಮ ಕಡೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಉತ್ತರ ಜರ್ಮನಿಯ ಫರ್ಡಿನಾಂಡ್ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಗ್ರಿಮ್ ಹೊರಡುವುದಕ್ಕೆ ನಾಲ್ಕೇ ವರ್ಷ ಮೊದಲು. ಕಿಟೆಲ್ಲರು ನಮ್ಮ ಮಾತುಗಳನ್ನು ಒಂದೊಂದಾಗಿ ಆರಿಸಿ 1894ರಲ್ಲಿ ನಿಘಂಟು ಕೊಟ್ಟರು. ಗ್ರಿಮ್ ತನ್ನ ಹೊಲದಲ್ಲಿ ಗಿಡಗಳನ್ನು ಆರಿಸುತ್ತಿದ್ದ. ಒಬ್ಬರಿಗೆ ಮಿಷನ್ ಸಂಸ್ಥೆಯ ಬೆಂಬಲ, ಕಾಗದ, ಮುದ್ರಣಾಲಯ ಎಲ್ಲ ಇದ್ದವು. ಇನ್ನೊಬ್ಬನಿಗಿದ್ದದ್ದು ಹೊಲವೊಂದೇ. ಎರಡೂ ದಶಕಗಟ್ಟಲೆ ಹಿಡಿದ ಕೆಲಸ. ಅಂಥ ಕೆಲಸದ ಮೇಲೆ ನನಗೆ ಮೊದಲಿನಿಂದಲೂ ಭಕ್ತಿ.

ಇರಲಿ, ಹಡಗಿನ ಮಾತಿಗೆ ಬರೋಣ. ಹಾಯಿಹಡಗಿನಲ್ಲಿ ಅಟ್ಲಾಂಟಿಕ್ ದಾಟಲು ಆರು ವಾರ ಬೇಕು, ಗಾಳಿ ಕೈಕೊಟ್ಟರೆ ಇನ್ನೂ ಹೆಚ್ಚು. ಬಡ ಪ್ರಯಾಣಿಕರಿಗೆ ಹಡಗಿನ ತಳದಲ್ಲಿ ಜಾಗ: ಕತ್ತಲು, ವಾಂತಿಯ ನಾತ, ಜ್ವರ, ಮಕ್ಕಳ ಅಳು. ನ್ಯೂಯಾರ್ಕಿನಲ್ಲಿ ಹೊಸದಾಗಿ ಬಂದವರನ್ನು ಇಳಿಸಿಕೊಳ್ಳಲು 1855ರಲ್ಲಿ ಕ್ಯಾಸಲ್ ಗಾರ್ಡನ್ ಎಂಬ ಕೇಂದ್ರ ತೆರೆದಿದ್ದರು. ಎಲ್ಲರೂ ಹೆಸರು ಕೇಳಿರುವ ಎಲಿಸ್ ದ್ವೀಪದ ಕೇಂದ್ರ ಬಂದದ್ದು 1892ರಲ್ಲಿ. ಗ್ರಿಮ್ ಹೊರಟಿದ್ದ ಉತ್ತರದ ಮಿನ್ನೆಸೋಟಕ್ಕಂತೂ ಆಗ ರೈಲೇ ಇರಲಿಲ್ಲ, ಅಲ್ಲಿ ಮೊದಲ ರೈಲು ಓಡಿದ್ದು 1862ರಲ್ಲಿ. ಹೊಸಬರು ಮಿಸಿಸಿಪ್ಪಿ ನದಿಯವರೆಗೆ ಹೇಗೋ ಬಂದು, ಅಲ್ಲಿಂದ ಉಗಿದೋಣಿ ಹಿಡಿದು ಸೇಂಟ್ ಪಾಲ್ ಸೇರಿ, ಮುಂದೆ ಎತ್ತಿನ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಕಾಡು ಹೊಗುತ್ತಿದ್ದರು. ಗ್ರಿಮ್ ಚಸ್ಕಾ ಊರಿನ ಹತ್ತಿರ, ಕಾರ್ವರ್ ಕೌಂಟಿಯಲ್ಲಿ 137 ಎಕರೆ ನೆಲ ಕೊಂಡ. ಊರಿನಲ್ಲಿ ಪಟ್ಟಿ ಪಟ್ಟಿ ಹೊಲ ಕಂಡವನಿಗೆ 137 ಎಕರೆ!

ಈ ನೆಲದ ವಿಷಯ ಹೇಳದೆ ಮುಂದೆ ಹೋಗುವುದು ತಪ್ಪು. ವಲಸೆ ಬಂದ ಹಿರಿಯರ ಕತೆ ಹೇಳುವ ಎಷ್ಟೋ ಪುಸ್ತಕಗಳಲ್ಲಿ ಕಾಡು ಸುಮ್ಮನೆ ಬಿದ್ದಿತ್ತು, ಇವರು ಬಂದು ಕಡಿದು ಹೊಲ ಮಾಡಿದರು ಎಂಬ ಧಾಟಿ ಇರುತ್ತದೆ. ನಿಜವಾಗಿ ಅದು ಅಲ್ಲಿಯ ಮೂಲನಿವಾಸಿಗಳಾದ ಡಕೋಟ ಜನರ ನೆಲ. 1851ರಲ್ಲಿ ಟ್ರಾವರ್ಸ್ ಡೆ ಸೂ ಮತ್ತು ಮೆಂಡೋಟಾ ಎಂಬ ಎರಡು ಕಡೆ ಒಪ್ಪಂದ ಮಾಡಿಸಿ ಅಮೆರಿಕ ಸರ್ಕಾರ ಅದನ್ನು ಬರೆಸಿಕೊಂಡಿತು. ಹಣ ಕೊಡುತ್ತೇವೆಂದ ಮಾತನ್ನು ಸರಿಯಾಗಿ ನಡೆಸಲಿಲ್ಲ. 1862ರ ಬೇಸಿಗೆಯಲ್ಲಿ ಕೊಡಬೇಕಾದ ಹಣ ಬರಲಿಲ್ಲ, ಸಂಗ್ರಹದಲ್ಲಿದ್ದ ಆಹಾರವನ್ನು ಕೊಡಲೂ ಇಲ್ಲ. ಹಸಿದವರು ಆಗಸ್ಟ್‌ನಲ್ಲಿ ಯುದ್ಧಕ್ಕೆ ಎದ್ದರು. ಜರ್ಮನರು ಕಟ್ಟಿದ ನ್ಯೂ ಉಲ್ಮ್ ಊರಿನ ಮೇಲೆ ದಾಳಿಯಾಯಿತು. ನೂರಾರು ವಲಸಿಗರು ಸತ್ತರು, ಅವರಲ್ಲಿ ಒಪ್ಪಂದದ ಮೋಸದಲ್ಲಿ ಕೈಯಿಲ್ಲದ ಹೆಂಗಸರು ಮಕ್ಕಳೂ ಇದ್ದರು. 1862ರ ಡಿಸೆಂಬರ್ 26ರಂದು ಮ್ಯಾನ್‌ಕೇಟೊ ಊರಿನಲ್ಲಿ 38 ಡಕೋಟ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಉಳಿದ ಡಕೋಟ ಹೆಂಗಸರು, ಮಕ್ಕಳು, ಮುದುಕರನ್ನು ಆ ಚಳಿಗಾಲ ಸ್ನೆಲಿಂಗ್ ಕೋಟೆಯ ಕೆಳಗೆ ಕೂಡಿಹಾಕಿ, ಮುಂದಿನ ವರ್ಷ ರಾಜ್ಯದಿಂದಲೇ ಹೊರಗೆ ಹಾಕಿದರು. ಬಾಡೆನ್‌ನಲ್ಲಿ ನೆಲವಿಲ್ಲದೆ ಹೊರಟವನಿಗೆ ಇಲ್ಲಿ ನೆಲ ಸಿಕ್ಕಿದ್ದು ಇನ್ನೊಬ್ಬರ ನೆಲ ಹೋದದ್ದರಿಂದ. ಗ್ರಿಮ್ ನನಗೆ ಪ್ರೀತಿಯ ಮನುಷ್ಯ. ಹಾಗೆಂದು ಈ ಮಾತನ್ನು ಮುಚ್ಚಿಡಲು ಮನಸ್ಸು ಒಪ್ಪುವುದಿಲ್ಲ.

ಗ್ರಿಮ್ ನೆಲ ಕೊಂಡ ಸೀಮೆಯ ಹೆಸರೇ ‘ದೊಡ್ಡ ಕಾಡು’. ಮೇಪಲ್, ಓಕ್, ಬಾಸ್‌ವುಡ್ ಮರಗಳು ಒತ್ತಾಗಿ ಬೆಳೆದ ಜಾಗ. ಮೊದಲ ವರ್ಷಗಳ ಕೆಲಸವೆಲ್ಲ ಕೊಡಲಿಯದು. ಮರ ಕಡಿದು ದಿಮ್ಮಿಯ ಮನೆ ಕಟ್ಟಬೇಕು, ಬುಡದ ಕೊರಡುಗಳು ಕೊಳೆಯುವ ತನಕ ಅವುಗಳ ನಡುವೆಯೇ ಕೆದಕಿ ಬಿತ್ತಬೇಕು. 1857ರ ಶರತ್ಕಾಲದಲ್ಲಿ ಅಮೆರಿಕದಲ್ಲೆಲ್ಲ ಬ್ಯಾಂಕುಗಳು ಮುರಿದುಬಿದ್ದು, ಮಿನ್ನೆಸೋಟದಲ್ಲಿ ನಾಣ್ಯವೇ ಕಾಣೆಯಾಯಿತು. ಎರಡು ವರ್ಷ ಬಿಟ್ಟು ಆ ಕಾಡಿನ ಬಡ ಸಂಸಾರಗಳಿಗೆ ಆಸರೆಯಾದದ್ದು ಜಿನ್‌ಸೆಂಗ್ ಬೇರು. ಚೀನಾದಲ್ಲಿ ಔಷಧಿಗೆ ಬೆಲೆಬಾಳುವ ಆ ಬೇರನ್ನು ಅಗೆದು ವ್ಯಾಪಾರಿಗಳಿಗೆ ಮಾರಿ ಜನ ಉಪ್ಪು, ಹಿಟ್ಟು, ಬಟ್ಟೆ ಕೊಂಡರು. ಚೀನಾದ ಮುದುಕನ ಕಷಾಯಕ್ಕೆಂದು ಜರ್ಮನ್ ರೈತನ ಮಕ್ಕಳು ಡಕೋಟ ನೆಲದ ಕಾಡು ಅಗೆಯುವುದು! ಹತ್ತೊಂಬತ್ತನೆಯ ಶತಮಾನ ಎಷ್ಟು ವಿಶಾಲವಾಗಿತ್ತು ಎಂದು ಇಂಥ ಕಡೆ ತಿಳಿಯುತ್ತದೆ.

1858ರ ವಸಂತದಲ್ಲಿ ಗ್ರಿಮ್ ತನ್ನ ಚೀಲದ ಬೀಜ ಬಿತ್ತಿದ. ಆ ವರ್ಷದ ಮೇ 11ಕ್ಕೆ ಮಿನ್ನೆಸೋಟ ರಾಜ್ಯವಾಯಿತು. ಬೀಜ ಮೊಳೆತು ಬೇಸಿಗೆಯಲ್ಲಿ ಚೆನ್ನಾಗಿಯೇ ಬಂತು. ಆಮೇಲೆ ಚಳಿ ಬಂತು. ನಮಗೆ ಚಳಿ ಎಂದರೆ ಮಡಿಕೇರಿಯದೋ ಚಿಕ್ಕಮಗಳೂರಿನದೋ. ಮಿನ್ನೆಸೋಟದಲ್ಲಿ ಪಾದರಸ ಶೂನ್ಯದಿಂದ ಮೂವತ್ತು ಡಿಗ್ರಿ ಕೆಳಗಿಳಿಯುತ್ತದೆ. ಈ ಗಿಡದ ಜೀವ ಇರುವುದು ನೆಲದ ಮಟ್ಟದ ಬುಡದಲ್ಲಿ, ವಸಂತದ ಚಿಗುರೊಡೆಯುವುದು ಅಲ್ಲಿಂದ. ಹಿಮದ ಹೊದಿಕೆ ದಪ್ಪವಾಗಿದ್ದರೆ ಬುಡ ಬದುಕುತ್ತದೆ. ಹಿಮ ಸರಿದು ಬರಿಯ ಗಾಳಿ ಬಡಿದರೆ ಸಾಯುತ್ತದೆ. ನಡುವೆ ಒಂದು ದಿನ ಬಿಸಿಲು ಬಂದು ಹಿಮ ಕರಗಿ ಮತ್ತೆ ಗಟ್ಟಿ ಮಂಜುಗಡ್ಡೆಯಾದರೆ ಕೆಳಗೆ ಉಸಿರುಕಟ್ಟಿ ಸಾಯುತ್ತದೆ. ನೆಲ ಹೆಪ್ಪುಗಟ್ಟುತ್ತ ಕರಗುತ್ತ ಉಬ್ಬಿದರೆ ಬೇರು ಸಮೇತ ಮೇಲಕ್ಕೆ ಬಂದು ಸಾಯುತ್ತದೆ. ಸಾಯುವ ದಾರಿಗಳು ಎಷ್ಟೊಂದು. ವಸಂತದಲ್ಲಿ ಗ್ರಿಮ್ ಹೊಲಕ್ಕೆ ಹೋದಾಗ ಕಂಡದ್ದು ಬಹುಪಾಲು ಕಪ್ಪಗೆ ಕೊಳೆತ ಬುಡಗಳು, ಅಲ್ಲಲ್ಲಿ ಒಂದೊಂದು ಹಸಿರು.

ಅವನ ಜಾಗದಲ್ಲಿ ಇದ್ದವರು ಸಾಮಾನ್ಯವಾಗಿ ಏನು ಮಾಡುತ್ತಿದ್ದರು? ಈ ದೇಶಕ್ಕೆ ಇದು ಒಗ್ಗುವುದಿಲ್ಲ ಎಂದು ಉತ್ತು ಗೋಧಿ ಹಾಕುತ್ತಿದ್ದರು. ಗೋಧಿಗೆ ಒಳ್ಳೆಯ ಬೆಲೆಯೂ ಇತ್ತು. ಗ್ರಿಮ್ ಬದುಕಿ ಉಳಿದ ಗಿಡಗಳನ್ನು ಬೀಜಕ್ಕೆ ಬಿಟ್ಟ. ಬೀಜಕ್ಕೆ ಬಿಡುವುದೆಂದರೆ ಅದು ಹೂ ಬಿಟ್ಟು, ಸುರುಳಿ ಸುತ್ತಿದ ಪುಟ್ಟ ಕಾಯಿ ಕಟ್ಟಿ, ಒಣಗುವ ತನಕ ಕೊಯ್ಯದೆ ಕಾಯಬೇಕು. ದನಗಳಿಗೆ ಮೇವು ಬೇಕಾದ ಹೊತ್ತಿನಲ್ಲಿ ಎದುರಿಗಿರುವ ಮೇವನ್ನು ಮುಟ್ಟದೆ ನಿಲ್ಲುವುದು ರೈತನಿಗೆ ಸುಲಭದ ಮಾತಲ್ಲ. ಬೀಜ ಬಂತು, ಮತ್ತೆ ಬಿತ್ತಿದ. ಮತ್ತೆ ಚಳಿ, ಮತ್ತೆ ಸಾವು, ಮತ್ತೆ ಉಳಿದವುಗಳ ಬೀಜ. ಹೀಗೆ ವರ್ಷದ ಮೇಲೆ ವರ್ಷ. ಪ್ರತಿ ಸಲವೂ ಉಳಿಯುವ ಗಿಡಗಳ ಸಂಖ್ಯೆ ಸ್ವಲ್ಪ ಸ್ವಲ್ಪ ಹೆಚ್ಚಿತು. ಕೊನೆಗೆ ಮಿನ್ನೆಸೋಟದ ಚಳಿಗೆ ಜಗ್ಗದ ಲೂಸರ್ನ್ ಅವನ ಹೊಲದಲ್ಲಿ ನಿಂತಿತು.

ಈ ಬೀಜ ಎಷ್ಟು ಸಣ್ಣದು ಗೊತ್ತೆ? ಒಂದು ಕಿಲೋದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಬೀಜ. ಆ ಚೀಲದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಬೀಜಗಳಿದ್ದವು. ದುಂಬಿಗಳು ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಒಯ್ದು ಬೀಜ ಕಟ್ಟಿಸುವುದರಿಂದ ಒಂದರ ಗುಣ ಇನ್ನೊಂದಕ್ಕಿಲ್ಲ. ಚಳಿ ತಡೆಯುವವು ಅವುಗಳ ನಡುವೆ ಎಲ್ಲೋ ಕೆಲವು ಅಡಗಿದ್ದವು. ಮುಂದೆ ವಿಜ್ಞಾನಿಗಳು ನೋಡಿದಾಗ ಗ್ರಿಮ್‌ನ ಹೊಲದ ಹೂಗಳೆಲ್ಲ ನೇರಳೆಯಾಗಿರಲಿಲ್ಲ. ಹಸಿರು ಬೆರೆತವು, ಮಸುಕು ಹಳದಿಯವು ಕೂಡ ಇದ್ದವು. ಯೂರೋಪು, ಸೈಬೀರಿಯಾಗಳ ಚಳಿಯಲ್ಲಿ ಕಾಡುಗಿಡವಾಗಿ ಬೆಳೆಯುವ ಹಳದಿ ಹೂವಿನ ಲೂಸರ್ನ್ ಒಂದಿದೆ. ಜರ್ಮನಿಯಲ್ಲಿಯೇ ಎಂದೋ ಅದರ ರಕ್ತ ಈ ತಳಿಯೊಳಗೆ ಬೆರೆತಿತ್ತು. ಚಳಿ ತಡೆಯುವ ಗುಣ ಬಂದದ್ದು ಆ ಬೆರಕೆಯಿಂದಲೋ, ಗ್ರಿಮ್ ಆರಿಸಿದ್ದರಿಂದಲೋ ಎಂದು ಪಂಡಿತರು ವಾದಿಸಿದ್ದಾರೆ. ನನ್ನ ಬುದ್ಧಿಗೆ ಎರಡೂ ಬೇಕು. ಗುಣ ಚೀಲದೊಳಗೆ ಇದ್ದದ್ದು ನಿಜ. ಅದನ್ನು ಹೊರಗೆ ತರಲು ಅಷ್ಟು ವಸಂತಗಳಲ್ಲಿ ಸತ್ತ ಹೊಲದ ಮುಂದೆ ನಿಂತು ಮತ್ತೆ ಬಿತ್ತುವ ಒಬ್ಬ ಮನುಷ್ಯ ಬೇಕಿದ್ದ. 1850ರ ದಶಕದಲ್ಲಿಯೇ ಚಿಲಿ ದೇಶದ ಬೀಜ ಕ್ಯಾಲಿಫೋರ್ನಿಯಾಕ್ಕೆ ಬಂದು ಅಲ್ಲಿಯ ಬೆಚ್ಚಗಿನ ಕಣಿವೆಗಳಲ್ಲಿ ಹಬ್ಬಿತು. ಉತ್ತರದ ಚಳಿಯಲ್ಲಿ ಅದು ನಿಲ್ಲಲಿಲ್ಲ.

ಇಂಥ ಆಯ್ಕೆಯ ಮಾತನ್ನೇ ಹೇಳುವ ಡಾರ್ವಿನ್ನರ ಪುಸ್ತಕ ಬಂದದ್ದು 1859ರಲ್ಲಿ, ಗ್ರಿಮ್ ಎರಡನೆಯ ವರ್ಷದ ಬೆಳೆ ನೋಡುತ್ತಿದ್ದಾಗ.

ಅವನ ಬಗ್ಗೆ ಎಲ್ಲರೂ ಹೇಳುವ ಒಂದು ಪ್ರಸಂಗವಿದೆ. 1863ರಲ್ಲಿ ಮಿನ್ನೆಸೋಟಕ್ಕೆ ಬರ ಬಂತು. ಹುಲ್ಲು ಒಣಗಿ ಎಲ್ಲರ ದನ ಬಡಕಲಾದವು. ಗ್ರಿಮ್ ಮಾತ್ರ ಕೊಬ್ಬಿದ ದನಗಳನ್ನು ಹೊಡೆದುಕೊಂಡು ಮಾರಲು ಹೋದ. ಇಷ್ಟು ಮೆಕ್ಕೆಜೋಳ ಎಲ್ಲಿ ಸಿಕ್ಕಿತೆಂದು ನೆರೆಯವನು ಕೇಳಿದಾಗ, ಒಂದು ಕಾಳೂ ತಿನ್ನಿಸಿಲ್ಲ, ಎಲ್ಲ ಎಂದೆಂದಿನ ಕ್ಲೋವರ್‌ನಿಂದಲೇ ಎಂದನಂತೆ. ಆಳಕ್ಕಿಳಿದ ಬೇರು ಬರದಲ್ಲೂ ನೀರು ಹುಡುಕಿಕೊಂಡಿತ್ತು. ಆಮೇಲೆ ನೆರೆಹೊರೆಯ ಜರ್ಮನ್ ರೈತರು ಬೀಜ ಕೇಳಿದರು, ಇವನು ಕೊಟ್ಟ. ಕಾರ್ವರ್ ಕೌಂಟಿಯ ಹೊಲದಿಂದ ಹೊಲಕ್ಕೆ ಅದು ಹೋಯಿತು. ಹಾಲು ಹೆಚ್ಚಿತು. ತಮ್ಮ ನಡುವೆ ದೊಡ್ಡ ಸಂಗತಿಯೊಂದು ನಡೆದಿದೆಯೆಂದು ಯಾರೂ ಡಂಗುರ ಹೊಡೆಯಲಿಲ್ಲ. ಅವರಿಗೆ ಅದು ಅಲ್ಲಿಯ ಮೇವು, ಅಷ್ಟೆ.

ಈ ಕತೆಯಲ್ಲಿ ಅವನ ಹೆಂಡತಿ ಯೂಲಿಯಾನಾ ಗ್ರಿಮ್ ಹೆಸರು ಒಂದೆರಡು ಸಾಲಿಗಿಂತ ಹೆಚ್ಚು ಬರುವುದಿಲ್ಲ. ಅದು ನನಗೆ ನೋವಿನ ವಿಷಯ. ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ದಾಟಿದವಳು, ದಿಮ್ಮಿಮನೆಯಲ್ಲಿ ಮೊದಲ ಚಳಿಗಾಲ ಕಳೆದವಳು ಅವಳು. ಆ ಕಾಲದ ಜರ್ಮನ್ ರೈತ ಕುಟುಂಬಗಳಲ್ಲಿ ಹಸು ಕರೆಯುವುದು, ಬೆಣ್ಣೆ ತೆಗೆಯುವುದು, ಕೈತೋಟ ಹೆಂಗಸರ ಪಾಲು. ಸುಗ್ಗಿ ಬಂದರೆ ಹೊಲಕ್ಕೂ ಇಳಿಯುತ್ತಿದ್ದರು. ಮೇವಿನ ಗುಣ ಮೊದಲು ತಿಳಿಯುವುದು ಹಾಲು ಕರೆಯುವ ಕೈಗೆ. ಬೀಜದ ಹೆಸರಿನಲ್ಲಿ ಗಂಡನ ಹೆಸರು ಉಳಿಯಿತು. ಆ ಹೆಸರಿನಲ್ಲಿ ಅವಳ ಪಾಲೂ ಇದೆಯೆಂದು ನಾನು ಎಣಿಸುತ್ತೇನೆ.

ಗ್ರಿಮ್ 1890ರಲ್ಲಿ ತೀರಿಕೊಂಡ. ಅಲ್ಲಿಯ ತನಕ ಯಾವ ವಿಶ್ವವಿದ್ಯಾಲಯವೂ ಅವನ ಹೊಲಕ್ಕೆ ಬಂದಿರಲಿಲ್ಲ. ಪಕ್ಕದ ಎಕ್ಸೆಲ್ಸಿಯರ್ ಊರಿನ ಎ.ಬಿ. ಲೈಮನ್ ಎಂಬಾತ, ಬೇರೆಡೆ ಚಳಿಗೆ ಸಾಯುವ ಬೆಳೆ ಈ ಜರ್ಮನ್ ಹೊಲಗಳಲ್ಲಿ ನಿಂತಿರುವುದನ್ನು ಗಮನಿಸಿ, ಅದರ ಮೂಲ ಹುಡುಕುತ್ತ ಗ್ರಿಮ್‌ನ ಹೊಲಕ್ಕೆ ಬಂದು ಮುಟ್ಟಿದ. 1900ರ ಸುಮಾರಿಗೆ ಮಿನ್ನೆಸೋಟ ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕೇಂದ್ರದ ವಿಲೆಟ್ ಹೇಸ್ ಅವರಿಗೆ ಇದನ್ನು ತಿಳಿಸಿದ. ಹೇಸ್ ಪರೀಕ್ಷೆ ಮಾಡಿ ನೋಡಿದರು, ಅದಕ್ಕೆ ಗ್ರಿಮ್ ಆಲ್ಫಾಲ್ಫಾ ಎಂಬ ಹೆಸರು ನಿಂತಿತು. ಲೈಮನ್‌ನಂಥವರನ್ನು ನಾವು ಸಾಕಷ್ಟು ಹೊಗಳುವುದಿಲ್ಲ. ನೆರೆಯವನ ಹೊಲವನ್ನು ಕಣ್ಣು ತೆರೆದು ನೋಡಿ, ಇದರಲ್ಲಿ ಏನೋ ಇದೆ ಎಂದು ಬಲ್ಲವರ ಬಳಿಗೆ ಒಯ್ಯುವುದು ಕೂಡ ದೊಡ್ಡ ಕೆಲಸವೇ. ಅವನಿಲ್ಲದಿದ್ದರೆ ಗ್ರಿಮ್ ಯಾರೆಂದು ನಮಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಗ್ರಿಮ್ ಬೀಜ ಉತ್ತರ ಮತ್ತು ದಕ್ಷಿಣ ಡಕೋಟ, ಮೊಂಟಾನ, ವಿಸ್ಕಾನ್ಸಿನ್ ರಾಜ್ಯಗಳಿಗೆ ಹರಡಿತು. ಬೇಡಿಕೆ ಏರಿದಂತೆ ಸಾಧಾರಣ ಬೀಜಕ್ಕೆ ಗ್ರಿಮ್ ಎಂದು ಚೀಟಿ ಅಂಟಿಸಿ ಮಾರುವ ಮೋಸವೂ ಬಂತು, ಅದನ್ನು ತಡೆಯಲು ಬೀಜ ಪ್ರಮಾಣೀಕರಣ ಬೇಕಾಯಿತು. ಈ ಹೊತ್ತಿಗೆ ಮೊದಲ ಮಹಾಯುದ್ಧ. 1917ರಲ್ಲಿ ಮಿನ್ನೆಸೋಟ ಸರ್ಕಾರ ಸಾರ್ವಜನಿಕ ಸುರಕ್ಷತೆಯ ಆಯೋಗವೊಂದನ್ನು ನೇಮಿಸಿ, ಜರ್ಮನ್ ಮೂಲದವರ ಮೇಲೆ ಕಣ್ಣಿಟ್ಟಿತು. ಶಾಲೆಗಳಲ್ಲಿ ಜರ್ಮನ್ ಕಲಿಸುವುದಕ್ಕೆ ತೊಡಕಾಯಿತು. ನ್ಯೂ ಉಲ್ಮ್ ಊರಿನ ಮೇಯರ್ ಅಧಿಕಾರ ಕಳೆದುಕೊಂಡರು. ಜರ್ಮನ್ ಮಾತಾಡಿದರೆ ಸಂಶಯ, ಜರ್ಮನ್ ರೈತ ತಂದ ಬೀಜಕ್ಕೆ ಮಾತ್ರ ಹೊಲಹೊಲದಲ್ಲೂ ಜಾಗ. ಏಳು ವರ್ಷ ಕಳೆದು, 1924ರಲ್ಲಿ, ಗ್ರಿಮ್‌ನ ಜಮೀನಿನ ಹತ್ತಿರ ಅವನ ನೆನಪಿಗೆ ಕಲ್ಲು ನಿಲ್ಲಿಸಿದರು. ಬಿತ್ತಿದವನು ಸತ್ತು ಮೂವತ್ತನಾಲ್ಕು ವರ್ಷವಾಗಿತ್ತು.

1920ರ ದಶಕದಲ್ಲಿ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ ಕಾಣಿಸಿಕೊಂಡು, ಚಳಿಗೆ ಸೋಲದ ಗ್ರಿಮ್ ತಳಿ ಅದಕ್ಕೆ ಸೋತಿತು. 1940ರ ದಶಕದಿಂದ ರೋಗ ತಡೆಯುವ ರೇಂಜರ್‌ನಂಥ ಹೊಸ ತಳಿಗಳು ಬಂದವು. ನಮ್ಮ ರೈತರು ಬಿತ್ತುವ ಆನಂದ್-2, ಆರ್‌ಎಲ್-88 ತಳಿಗಳಿಗೆ ಬೇಕಾದದ್ದು ಬಿಸಿಲು ತಡೆಯುವ ಗುಣ, ಅವುಗಳ ಕತೆ ಬೇರೆ.

ಗ್ರಿಮ್‌ನ ಹೊಲ, ಇಟ್ಟಿಗೆಯ ಮನೆ ಈಗಲೂ ಇವೆ. ವಿಕ್ಟೋರಿಯಾ ಊರಿನ ಹತ್ತಿರ, ಕಾರ್ವರ್ ಪಾರ್ಕ್ ರಿಸರ್ವ್ ಎಂಬ ಕಾಡುತೋಟದ ಒಳಗೆ ಅವುಗಳನ್ನು ಕಾಪಾಡಿದ್ದಾರೆ. 1974ರಲ್ಲಿ ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿಸಿದ್ದಾರೆ. ಮಿನಿಯಾಪೊಲಿಸ್ ಕಡೆ ನಿಮ್ಮ ಮಗನೋ ಮಗಳೋ ಇದ್ದು, ನೀವು ಬೇಸಿಗೆಯಲ್ಲಿ ಅಲ್ಲಿಗೆ ಹೋಗುವುದಿದ್ದರೆ, ಮಾಲ್ ನೋಡುವ ಒಂದು ದಿನವನ್ನು ಉಳಿಸಿಕೊಂಡು ಕಾರಿನಲ್ಲಿ ಅಲ್ಲಿಗೆ ಹೋಗಿ ಬನ್ನಿ, ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ. ಅದೇ ದಿನ ಸ್ನೆಲಿಂಗ್ ಕೋಟೆಗೂ ಹೋಗಿ, ಡಕೋಟ ಜನರನ್ನು ಕೂಡಿಹಾಕಿದ್ದ ನದೀತೀರವನ್ನೂ ಅವರಿಗೆ ತೋರಿಸಿ.